ನೆಲದ ಮೇಲೆ ಬರೆಯುವವನ ಮನೆಗೆ ಟೈಲ್ಸ್

ಬರೆಯುವವರಿಗೆಲ್ಲ ಒಂದೊಂದು ಚಟ ಇರುತ್ತದೆ. ಕೆಲವರಿಗೆ ಚಹಾ ಬೇಕು, ಕೆಲವರಿಗೆ ಎಲೆ ಅಡಿಕೆ ಬೇಕು, ಇನ್ನು ಕೆಲವರಿಗೆ ಮನೆಯಲ್ಲಿ ಯಾರೂ ಇರಬಾರದು. ನನ್ನ ಚಟ ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ನಾನು ನೆಲದ ಮೇಲೆ ಬರೆಯುತ್ತೇನೆ. ನೆಲದ ಮೇಲೆ ಕುಳಿತು ಅಂತ ಅಲ್ಲ, ನೆಲದ ಮೇಲೆಯೇ. ಸೇಡಂನ ನಮ್ಮ ಮನೆಗೆ ಶಹಾಬಾದಿನ ಫರಸಿ ಕಲ್ಲು ಹಾಸಿದೆ. ಬೆಳಿಗ್ಗೆ ಸ್ನಾನ ಮುಗಿಸಿ, ಪಡಸಾಲೆಯಲ್ಲಿ ಮಂಡಿಯೂರಿ, ತುಂಡು ಚಾಕ್‌ಪೀಸು ಹಿಡಿದು ಮೊದಲ ಕರಡನ್ನು ಆ ಬೂದುಗಲ್ಲಿನ ಮೇಲೆ ಬರೆಯುತ್ತೇನೆ. ಒಂದು ಕಲ್ಲಿಗೆ ಒಂದು ಪ್ಯಾರಾ. ತಪ್ಪಾದರೆ ಗೀಟು ಹಾಕುತ್ತೇನೆ. ಸರಿ ಕಂಡದ್ದನ್ನು ಆಮೇಲೆ ಶಾಯಿ ಪೆನ್ನಿನಿಂದ ಕಾಗದಕ್ಕೆ ಇಳಿಸುತ್ತೇನೆ. ಹೊಸಬರು ಯಾರಾದರೂ ಬಂದರೆ ರಂಗೋಲಿ ತುಳಿದೇವು ಎಂದು ಬಾಗಿಲಲ್ಲೇ ನಿಂತು ಕಾಲಿಡಲು ಜಾಗ ಹುಡುಕುತ್ತಾರೆ.

ಒರೆಸುವುದು ಮಾತ್ರ ನನ್ನ ಖಾತೆಯಲ್ಲ. ಅದು ನನ್ನ ಹೆಂಡತಿ ಮಹಾದೇವಿಯದು. ಬಕೆಟ್ಟು, ಹಸಿ ಬಟ್ಟೆ ಹಿಡಿದು ಬಂದು, "ಮುಗೀತೇನ್ರಿ ನಿಮ್ಮದು? ನನಗ ನೆಲ ಬೇಕು" ಎಂದು ನಿಲ್ಲುತ್ತಾಳೆ. ಸಂಪಾದಕರಾದರೂ ನಾಲ್ಕು ದಿನ ಗಡುವು ಕೊಡುತ್ತಾರೆ, ಇವಳದು ನಾಲ್ಕು ನಿಮಿಷ. ಎಷ್ಟೋ ಸಾಲುಗಳು ನಾನು ಕಾಗದ ಹುಡುಕುವುದರೊಳಗೆ ಬಕೆಟ್ಟಿನ ಪಾಲಾಗಿವೆ. ಹೋದ ಸಾಲುಗಳೆಲ್ಲ ಅದ್ಭುತವಾಗಿದ್ದವು ಎಂದು ನಾನು ಇಂದಿಗೂ ನಂಬಿದ್ದೇನೆ. ಉಳಿದವುಗಳನ್ನು ನೀವು ಓದಿಯೇ ಇದ್ದೀರಿ, ಅವುಗಳ ಬಗ್ಗೆ ನಾನೇನು ಹೇಳಲಿ.

ಈ ಚಟಕ್ಕೆ ಮೂಲ ನಮ್ಮಪ್ಪ. ಅವರು ಶಹಾಬಾದಿನ ಖಣಿಯಲ್ಲಿ ಕಲ್ಲು ಸೀಳುವ ಕೆಲಸ ಮಾಡುತ್ತಿದ್ದರು. ಒಂದನೇ ತರಗತಿಯಲ್ಲಿ ನಾನು ಬರೆಯುವ ಪಾಟಿ, ಅಂದರೆ ಸ್ಲೇಟು, ಮೂರು ಒಡೆದೆ. ನಾಲ್ಕನೆಯದನ್ನು ಕೊಡಿಸುವ ಬದಲು ಅಪ್ಪ ತೆಳ್ಳಗಿನ ಫರಸಿ ಚಕ್ಕೆಯೊಂದನ್ನು ಆಯ್ದು, ಅಂಚು ಉಜ್ಜಿ ಕೈಗಿತ್ತರು. ಬೇರೆ ಹುಡುಗರ ಪಾಟಿ ಕೆಳಗೆ ಬಿದ್ದರೆ ಪಾಟಿ ಒಡೆಯುತ್ತಿತ್ತು, ನನ್ನದು ಬಿದ್ದರೆ ಕಾಲ್ಬೆರಳು ಒಡೆಯುತ್ತಿತ್ತು. ಆದರೆ ಅದರ ಮೇಲೆ ನೀರು ಚಿಮುಕಿಸಿದಾಗ ಏಳುತ್ತಿದ್ದ ತಣ್ಣನೆಯ ವಾಸನೆ ಇನ್ನೂ ಮೂಗಿನಲ್ಲಿದೆ. ಮುಂದೆ ಚಿತ್ತಾಪುರದ ಹೈಸ್ಕೂಲಿಗೆ ಹೋದಾಗ ಶಾಯಿ ಪೆನ್ನು ಬಂತು. ಅದು ಮಹಾ ತುಂಟ. ಹೆಣ್ಣು ನೋಡಲು ಶಹಾಬಾದಿನಿಂದ ಚಿಮ್ಮನಚೋಡಕ್ಕೆ ಹೊರಟವನು ವಾಡಿಯಲ್ಲಿ ಗಾಡಿ ಬದಲಿಸುವಾಗ ನೋಡಿಕೊಂಡರೆ, ಬಿಸಿಲಿಗೆ ಶಾಯಿ ಉಕ್ಕಿ ಬಿಳಿ ಅಂಗಿಯ ಜೇಬಿನ ತುಂಬ ನೀಲಿ ಹರಡಿತ್ತು. ಆ ಕಲೆಯನ್ನು ಕೈಯಿಂದ ಮುಚ್ಚಿಕೊಂಡೇ ಉಪ್ಪಿಟ್ಟು ತಿಂದೆ. "ಹುಡುಗಗ ಎದಿ ನೋವು ಅದ ಏನು?" ಎಂದು ಯಾರೋ ಕೇಳಿದರು. ಮಾವನವರು ಮಾತ್ರ ಕೈ ಸರಿಸಿ ನೋಡಿ, "ಶಾಯಿ ಅದ. ಓದಿದ ಹುಡುಗನ ಇರಬೇಕು" ಎಂದು ಅಲ್ಲೇ ಮಗಳನ್ನು ಕೊಡಲು ಒಪ್ಪಿಬಿಟ್ಟರು. ಏಳನೇ ತರಗತಿ ಓದಿದ್ದ ಮಹಾದೇವಿಗೆ ಹೀಗೆ ಪೆನ್ನು ಸೋರಿದ ಕಾರಣಕ್ಕೆ ನಾನು ಗಂಟುಬಿದ್ದೆ.

ಈಗ ಆ ಮಹಾದೇವಿಯೇ ನನ್ನ ಬರವಣಿಗೆಯ ಬುಡಕ್ಕೆ ಕೈ ಹಾಕಿದಳು. ಒಂದು ದಿನ ಊಟಕ್ಕೆ ಕುಳಿತಾಗ, "ಓಣ್ಯಾಗ ಎಲ್ಲರ ಮನ್ಯಾಗೂ ಟೈಲ್ಸ್ ಬಂದ್ವು. ನಮ್ಮನ್ಯಾಗ ಅಷ್ಟ ಈ ಕಲ್ಲು ಉಳದಾವ. ಒಂದು ಮ್ಯಾಲ, ಒಂದು ಕೆಳಗ. ನೀರು ಹಾಕಿದ್ರ ಹೋಗಂಗಿಲ್ಲ, ಒರಸಿ ಒರಸಿ ನನ್ನ ಮೊಣಕಾಲು ಹೋದ್ವು" ಎಂದಳು.

"ಹಂಗಾದ್ರ ನಾ ಎಲ್ಲಿ ಬರೀಲಿ?" ಎಂದೆ.

"ಹಾಳಿ ಅದ, ಮೊಬೈಲ್ ಅದ, ಗೋಡಿ ಅದ. ಎಲ್ಲಿ ಬೇಕಾದಲ್ಲಿ ಬರೀರಿ. ನನ್ನ ನೆಲ ಬಿಡ್ರಿ."

ಮರುದಿನವೇ ಗೌಂಡಿ ಮೌಲಾಲಿ ಟೇಪು ಹಿಡಿದು ಬಂದ. ಹಳೆಯ ಕಲ್ಲನ್ನು ಕೀಳುವುದು ಬೇಡ, ಅದರ ಮೇಲೆಯೇ ಸಿಮೆಂಟು ಹಾಕಿ ಟೈಲ್ಸ್ ಕೂಡಿಸೋಣ ಎಂದ. ಅಳತೆ ಮಾಡುತ್ತ ಕಿವಿಯ ಸಂದಿಯಿಂದ ಬೆರಳಿಗಿಂತ ಗಿಡ್ಡದೊಂದು ಪೆನ್ಸಿಲ್ ತೆಗೆದು, ಅದನ್ನು ನಾಲಿಗೆಗೆ ತಾಗಿಸಿ, ಲೆಕ್ಕವನ್ನು ನನ್ನ ಫರಸಿಯ ಮೇಲೇ ಬರೆಯತೊಡಗಿದ. ಶತ್ರುವಾಗಿ ಬಂದವನ ಮೇಲೆ ನನಗೆ ಥಟ್ಟನೆ ಪ್ರೀತಿ ಉಕ್ಕಿತು. ಚಾಕುವಿನಿಂದ ಕೆತ್ತಿದ ಮೊನೆ, ಹಲ್ಲಿನ ಗುರುತು, ಎಲ್ಲ ಇದ್ದ ಪೆನ್ಸಿಲ್ ಅದು. ನಮ್ಮ ಜಾತಿಯವನೇ ಇವನು, ಬರೆಯುವವರ ಜಾತಿ. ಮೆಲ್ಲಗೆ ಪಕ್ಕಕ್ಕೆ ಕರೆದು ಕೇಳಿದೆ, "ಮೌಲಾಲಿ, ಟೈಲ್ಸ್ ಮ್ಯಾಲ ಚಾಕ್‌ಪೀಸ್ ಹತ್ತತದೇನಪ?"

"ಇಲ್ರಿ ಸರ, ಜಾರತದ. ಟೈಲ್ಸ್ ಮ್ಯಾಲ ಮನಷಾನ ನಿಂದ್ರಂಗಿಲ್ಲ, ಚಾಕ್‌ಪೀಸ್ ಏನು ನಿಂತೀತು?" ಎಂದ.

ಇಲ್ಲಿಯವರೆಗೆ ನಾನು ಸಾಹಿತ್ಯದ ನೆಪ ಹೇಳುತ್ತಿದ್ದೆ. ನಿಜ ಹೇಳುವುದಾದರೆ ಸಾಹಿತ್ಯಕ್ಕೆ ಹಾಳೆ ಸಾಕು. ನನಗೆ ಸಂಕಟವಾದದ್ದು ಒಂದೇ ಕಲ್ಲಿಗಾಗಿ. ಅಡುಗೆಮನೆಯ ಹೊಸ್ತಿಲ ಬಳಿ, ಎರಡಡಿ ಅಗಲದ್ದು, ಒಂದು ಮೂಲೆ ಮುಕ್ಕಾದದ್ದು. ನಮ್ಮವ್ವ ಶಿವಲಿಂಗಮ್ಮ ಅಕ್ಷರ ಕಲಿತ ಕಲ್ಲು ಅದು. ಅಪ್ಪ ತೀರಿಕೊಂಡ ವರ್ಷ ವಿಧವಾ ವೇತನದ ಅರ್ಜಿಗೆ ಹೆಬ್ಬೆಟ್ಟು ಒತ್ತಬೇಕೆಂದಾಗ ಅವ್ವ, "ಮಗ ಮಾಸ್ತರ ಇದ್ದಾನ, ನಾ ಹೆಬ್ಬಟ್ಟು ಒತ್ತಲೇನು?" ಎಂದು ಹಟ ಹಿಡಿದಳು. ನಾನಾಗ ಕುಂಚಾವರಂನ ಶಾಲೆಯಲ್ಲಿ, ಮನೆಯಲ್ಲಿ ತೆಲುಗು ಮಾತನಾಡುವ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಮಹಾದೇವಿ, ಅವ್ವ ಇಬ್ಬರೂ ಇಲ್ಲಿ, ನನ್ನದು ಶನಿವಾರ ಊರಿಗೆ ಬಂದು ಸೋಮವಾರ ಹೋಗುವ ಸಂಸಾರ. ಅವ್ವನಿಗೆ ನಾಲ್ಕು ಗೆರೆಯ ಕಾಪಿ ಪುಸ್ತಕ, ಹೊಸ ಪೆನ್ಸಿಲ್ ತಂದುಕೊಟ್ಟು, ಹೆಸರು ಬರೆದು ತೋರಿಸಿ, ವಾರಕ್ಕೆ ಎರಡು ಪುಟ ತಿದ್ದಬೇಕೆಂದು ಅಪ್ಪಣೆ ಮಾಡಿದೆ. ತಿದ್ದದಿದ್ದರೆ ಶಾಲೆಯ ಗತ್ತಿನಲ್ಲೇ ಬೈದೆ. ಎರಡು ತಿಂಗಳಾದ ಮೇಲೆ ಒಂದು ಶನಿವಾರ ಬಂದು ನೋಡಿದರೆ, ಅವ್ವ ಆ ಕಲ್ಲಿನ ಮೇಲೆ ಚಾಕ್‌ಪೀಸಿನಲ್ಲಿ ತನ್ನ ಹೆಸರನ್ನು ಅಂಚಿನಿಂದ ಅಂಚಿಗೆ ಬರೆದು ಕುಳಿತಿದ್ದಳು. ನನ್ನ ಬೋಧನೆಯ ಶಕ್ತಿ ಕಂಡು ನನಗೇ ಕಣ್ಣು ತುಂಬಿ ಬಂತು. ಆ ದಿನಗಳಲ್ಲಿ ನನ್ನ ಚೀಲದ ಚಾಕ್‌ಪೀಸುಗಳು ಕಡಿಮೆಯಾಗುತ್ತಿದ್ದವು. ಕುಂಚಾವರಂನ ಮಕ್ಕಳ ಮೇಲೆ ಗುಮಾನಿಪಟ್ಟು ಅವರ ಜೇಬು ತಡಕಿದ್ದೂ ಉಂಟು.

ಅವ್ವನನ್ನು ಕಚೇರಿಗೆ ಕರೆದುಕೊಂಡು ಹೋದೆ. ಗುಮಾಸ್ತರು ಮಸಿಯ ಡಬ್ಬಿ ಮುಂದೆ ಸರಿಸಿದರು. ಅವ್ವ ಅದನ್ನು ಹಿಂದಕ್ಕೆ ಸರಿಸಿ, "ಹೆಬ್ಬಟ್ಟಲ್ಲಪ, ಸಹಿ. ಪೆನ್ನ ಕೊಡು" ಎಂದಳು. ಬಾಲ್‌ಪೆನ್ನನ್ನು ಐದೂ ಬೆರಳಿನಿಂದ ಚಾಕ್‌ಪೀಸಿನಂತೆ ಹಿಡಿದು 'ಶಿ' ಬರೆದಳು. ಅದು ಊರು, ತಾಲ್ಲೂಕು, ಜಿಲ್ಲೆ ಮೂರನ್ನೂ ಆವರಿಸಿತು. 'ವ' ಬರೆಯುವುದರೊಳಗೆ ಹಾಳೆ ಮುಗಿಯಿತು. ಗುಮಾಸ್ತರು ಕೆಳಗಿದ್ದ ಚೌಕವನ್ನು ಬೆರಳಿಟ್ಟು ತೋರಿಸಿ, "ಅವ್ವ, ಇದರಾಗ ಹಿಡಿಸಬೇಕವ್ವ" ಎಂದರು. ಅವ್ವ ಆ ಇಂಚು ಜಾಗವನ್ನು ನೋಡಿ, ಅವರ ಮುಖ ನೋಡಿ, "ಇದರಾಗ ನನ್ನ ಹೆಸರು ಹಿಡಿಸಂಗಿಲ್ಲ, ತಮ್ಮ" ಎಂದಳು. ಪುಣ್ಯಾತ್ಮರು, ಇನ್ನೊಂದು ಅರ್ಜಿ ಕೊಟ್ಟರು. ಕೊನೆಗೆ ಹಾಳೆಯ ಮುಂಬದಿ ಚೌಕದೊಳಗೆ ಹೆಬ್ಬೆಟ್ಟು, ಹಿಂಬದಿ ಇಡೀ ಪುಟದ ತುಂಬ ಎರಡು ಸಾಲಿನಲ್ಲಿ ಸಹಿ. ಅವ್ವ ಹೋಗಿ ಬಹಳ ವರ್ಷಗಳಾದವು. ಬರೆದು ಬರೆದು ಒರೆಸಿದ ಆ ಕಲ್ಲಿನ ಮೇಲೆ ಒಂದಕ್ಷರವೂ ಉಳಿದಿಲ್ಲ. ಆದರೂ ಅದನ್ನು ದಾಟುವಾಗ ನಾನು ತುಳಿಯದೆ ದಾಟುತ್ತೇನೆ.

ಮೌಲಾಲಿ ಸಿಮೆಂಟು ಕಲಸಿ ಹೊಸ್ತಿಲ ಹತ್ತಿರ ಬಂದಾಗ ನನಗೆ ತಡೆಯಲಾಗಲಿಲ್ಲ. "ಆ ಕಲ್ಲು ಮುಚ್ಚಬ್ಯಾಡ" ಎಂದು ಅಡ್ಡ ನಿಂತೆ. ಮಹಾದೇವಿ ಒಳಗಿಂದ ಬಂದಳು. "ಮತ್ತೇನು ತಕರಾರು ನಿಮ್ಮದು?"

"ನಮ್ಮವ್ವಗ ನಾ ಅಕ್ಷರ ಕಲಿಸಿದ ಕಲ್ಲು ಅದು" ಎಂದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನೇ ನೋಡಿದಳು. "ಯಾರು ಕಲಿಸಿದ್ರು?"

"ನಾ. ಕಾಪಿ ಪುಸ್ತಕ ತಂದುಕೊಟ್ಟಿರಲಿಲ್ಲೇನು?"

ಮಹಾದೇವಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಆ ಪುಸ್ತಕದಾಗ ಒಂದು ಹಾಳೀನೂ ತುಂಬಲಿಲ್ರಿ. ಅತ್ತಿ ಪೆನ್ಸಿಲ್ ಹಿಡಿದ್ರ ಕೈ ನಡಗತಿತ್ತು, ಮೊನಿ ಮುರೀತಿತ್ತು. ನೀವು ಬಂದು ಬೈದು ಹೋಗತಿದ್ರಿ, ಅವರು ಒಲಿ ಮುಂದ ಕುಂತು ಅಳತಿದ್ರು. ನನಗ ನೋಡಲಿಕ್ಕಾಗಲಿಲ್ಲ. ನಿಮ್ಮ ಚೀಲದಾಗಿನ ಚಾಕ್‌ಪೀಸ್ ತಗೊಂಡು ಈ ಕಲ್ಲಿನ ಮ್ಯಾಲ ಬರದು ಕೊಟ್ಟೆ. ದಿನಾ ರಂಗೋಲಿ ಹಾಕೋ ಕೈ ನೋಡ್ರಿ, ನೆಲ ಸಿಕ್ಕ ಕೂಡಲೇ ನಡೀತು."

"ಇಷ್ಟು ವರ್ಷ ಹೇಳಲಿಲ್ಲಲ್ಲ?"

"ಅತ್ತೀನೇ ಬ್ಯಾಡ ಅಂದ್ರು. 'ಅವಾ ತಾನ ಕಲಿಸೀನಂತ ಖುಷಿ ಪಡಲಿಕತ್ತಾನ, ಪಡ್ಲಿ ಬಿಡು' ಅಂದ್ರು."

ನಾನು ಈ ಕಥೆಯನ್ನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ. ಶಿಕ್ಷಕರ ದಿನಾಚರಣೆಯಲ್ಲಂತೂ ಪ್ರತಿ ವರ್ಷ ಹೇಳಿ, ಕಣ್ಣೊರೆಸಿಕೊಂಡು, ಚಪ್ಪಾಳೆ ಗಿಟ್ಟಿಸಿ ಮನೆಗೆ ಬಂದು, ಇವಳ ಕೈಯಿಂದಲೇ ಚಹಾ ಕುಡಿದಿದ್ದೇನೆ. ಕುಂಚಾವರಂನ ಆ ಮಕ್ಕಳು ಈಗ ಎಲ್ಲಿದ್ದಾರೋ, ಅವರ ಜೇಬುಗಳ ಕ್ಷಮೆಯನ್ನೂ ಕೇಳಬೇಕು. ಮೌಲಾಲಿ ಸಿಮೆಂಟು ಮೆತ್ತಿದ ಕರಣಿ ಹಿಡಿದು ನಮ್ಮಿಬ್ಬರ ಮುಖ ನೋಡುತ್ತಿದ್ದ. ಮಹಾದೇವಿ ಅವನಿಗೆ, "ಈ ಕಲ್ಲು ಹಂಗೇ ಬಿಡಪ" ಎಂದಳು. "ಅಲ್ಲಿ ತಗ್ಗು ಬೀಳತದ್ರಿ ಅಕ್ಕೋರೆ" ಎಂದ ಅವನು. "ಬೀಳ್ಲಿ" ಎಂದು ಅವಳು ಒಳಗೆ ಹೋದಳು.

ಈಗ ನಮ್ಮ ಮನೆ ಫಳಫಳ ಹೊಳೆಯುತ್ತದೆ. ಅಡುಗೆಮನೆಯ ಮುಂದೆ ಮಾತ್ರ ಒಂದು ಚೌಕ ತಗ್ಗು. ಬಂದವರು ಎಡವುತ್ತಾರೆ, ಟೈಲ್ಸ್ ಸಾಲದಾಯಿತೇ ಎಂದು ಮರುಗುತ್ತಾರೆ. "ಒಂದೇ ಕಲ್ಲಿನ ಮ್ಯಾಲ ನನ್ನ ಪ್ರಬಂಧ ಹೆಂಗ ಹಿಡೀತದ?" ಎಂದು ನಾನು ಗೊಣಗಿದ್ದಕ್ಕೆ ಮಹಾದೇವಿ, "ಅತ್ತಿ ಹೆಸರು ಹಿಡಿಸಿದ ಕಲ್ಲು, ನಿಮ್ಮ ಪ್ರಬಂಧ ಹಿಡಿಸಂಗಿಲ್ಲೇನು?" ಎಂದಳು.

ನಿನ್ನೆ ಬೆಳಿಗ್ಗೆ ಅದರ ಮುಂದೆ ಮಂಡಿಯೂರಿ ಕುಳಿತೆ. ಕೈಗೆ ಹಳೆಯ ರೂಢಿ ನೋಡಿ, ಯೋಚಿಸುವುದರೊಳಗೆ ಮೊದಲ ಸಾಲು ಬಿದ್ದುಬಿಟ್ಟಿತ್ತು: 'ನಮ್ಮವ್ವನಿಗೆ ಅಕ್ಷರ ಕಲಿಸಿದವನು ನಾನು.' ಅಷ್ಟರಲ್ಲಿ ಬಕೆಟ್ಟಿನ ಸದ್ದಾಯಿತು. ಮಹಾದೇವಿ ಬಂದು ನಿಂತಳು. ಸಾಲನ್ನು ಓದಿದಳು. ನಾನು ಅವಳ ಕೈಯಲ್ಲಿದ್ದ ಹಸಿ ಬಟ್ಟೆ ತೆಗೆದುಕೊಂಡು ಬಾಗಿ ಆ ಸಾಲನ್ನು ಒರೆಸಿದೆ. ಇಷ್ಟು ವರ್ಷಗಳಲ್ಲಿ ಈ ಮನೆಯ ನೆಲವನ್ನು ನಾನು ಒರೆಸಿದ್ದು ಅದೇ ಮೊದಲು.

"ಹಿಂಡಿ ಒರಸ್ರಿ" ಎಂದಳು ಮಹಾದೇವಿ, "ನೀರು ನಿಂತಾವ."