ಹಿಟ್ಟಿನ ಜಾಡು ಹಿಡಿದ ಇಪ್ಪತ್ತೆರಡು ಮಂದಿ

"ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಕಾಗದ ತಪ್ಪು ಮನೆಗೆ ಹಾಕಿದೋನಲ್ಲ ನಾನು! ಇಪ್ಪತ್ತೆರಡು ಜನರನ್ನ ಕೆರೆ ಮುಟ್ಟಿಸೋದು ಯಾವ ಮಹಾ?" ಎಂದು ಅಂಚೆಯಣ್ಣ ಎದೆ ತಟ್ಟಿಕೊಂಡಾಗ ಓಟಗಾರರ ಸಂಘದವರೆಲ್ಲ ಚಪ್ಪಾಳೆ ಹೊಡೆದರು. ವಸಂತ ಬಂದು ಹೊಲಗಳೆಲ್ಲ ಹಳದಿ ಹೂ ಬಿಟ್ಟಿದ್ದವು. ಊರಾಚೆಯ ಭಾನುವಾರದ ಓಟಕ್ಕೆ ದಾರಿ ತೋರಿಸುವ ಪಟ್ಟ ಅವನದಾಯಿತು. ಎಲ್ಲರಿಗಿಂತ ಒಂದೂವರೆ ಗಂಟೆ ಮೊದಲು ಹೊರಟು, ನೂರು ಹೆಜ್ಜೆಗೊಂದು ಹಿಡಿ ಮೈದಾ ಹಿಟ್ಟು ಚೆಲ್ಲುತ್ತ ಹೋಗಬೇಕು. ಉಳಿದವರು ಆ ಬಿಳಿ ಗುರುತು ನೋಡಿಕೊಂಡು ಓಡಿ ಬರುತ್ತಾರೆ. ಕೆರೆ ದಡದ ಶೆಡ್ಡಿನಲ್ಲಿ ಎಲ್ಲರಿಗೂ ತಿಂಡಿ.

"ನಿಧಾನಕ್ಕೆ ಬನ್ನಿ. ನಾನಂತೂ ಮಧ್ಯಾಹ್ನದವರೆಗೆ ಏಳಲ್ಲ," ಎಂದು ಹೆಂಡತಿ ಹೊದಿಕೆ ಎಳೆದುಕೊಂಡಳು.

ಹೊಲ ದಾಟಿ, ತಂತಿಬೇಲಿ ಹಾರಿ, ಕಾಲುವೆಯ ಸೇತುವೆವರೆಗೆ ಅಂಚೆಯಣ್ಣ ಗುರುತು ಹಾಕಿದ್ದೇ ಹಾಕಿದ್ದು! ಅಲ್ಲಿ ನೆನಪಾಯಿತು: ಶೆಡ್ಡಿನ ಬೀಗದ ಕೈ ಅಡುಗೆಮನೆಯ ಮೊಳೆಯಲ್ಲೇ ಇದೆ! ಚೀಲ ಹೆಗಲಿಗೇರಿಸಿ ಕಾಲುದಾರಿಯಲ್ಲಿ ಮನೆಗೆ ಓಡಿದ. ಓಡಿದಂತೆಲ್ಲ ಚೀಲ ಹಗುರವಾಗುತ್ತಿತ್ತು. 'ಭಲೇ! ಮೂರು ತಿಂಗಳ ವ್ಯಾಯಾಮ ಸುಮ್ಮನೆ ಹೋಗಲಿಲ್ಲ,' ಎಂದು ತನ್ನ ತೋಳಿಗೆ ತಾನೇ ಶಹಭಾಸ್ ಹೇಳಿಕೊಂಡ. ಮನೆ ಸೇರಿ ನೋಡಿದರೆ ಚೀಲದಲ್ಲಿ ಹಿಟ್ಟಿಲ್ಲ. 'ಕೈ ಸ್ವಲ್ಪ ಧಾರಾಳವಾಯಿತು. ಇರಲಿ, ಸೇತುವೆಯಿಂದ ಕೆರೆಗೆ ಇರುವುದು ಒಂದೇ ದಾರಿ.' ಖಾಲಿ ಚೀಲ ಮೂಲೆಗೆಸೆದು, ಕೀ ತೆಗೆದುಕೊಂಡು, ಸೈಕಲ್ ಹತ್ತಿ ಡಾಂಬರು ರಸ್ತೆಯಲ್ಲಿ ನೇರ ಕೆರೆಗೆ ಹೋದ.

ಶೆಡ್ಡು ತೆಗೆದು, ಹಿಂದಿನ ದಿನವೇ ತಂದಿಟ್ಟಿದ್ದ ಬ್ರೆಡ್ಡು, ಬಾಳೆಹಣ್ಣು ಸಾಲಾಗಿ ಜೋಡಿಸಿಟ್ಟ. ಒಂಬತ್ತಾಯಿತು, ಹತ್ತಾಯಿತು. ನರಪಿಳ್ಳೆಯ ಸುಳಿವಿಲ್ಲ! ಓಡುವ ಚಡ್ಡಿಗೆ ಜೇಬಿಲ್ಲವೆಂದು ಫೋನನ್ನೂ ಮನೆಯಲ್ಲೇ ಬಿಟ್ಟಿದ್ದ. ಹತ್ತೂವರೆಗೆ ದಡದ ಮೇಲೆ ನಿಂತು ದಾರಿ ನೋಡಿದ. ಗುಂಪಿನಲ್ಲಿ ಮಂಡಿ ಆಪರೇಷನ್ ಆದ ಹೆಡ್‌ಮಿಸ್ ಇದ್ದರು. ಹಲ್ಲಿನ ಡಾಕ್ಟರ ಎಪ್ಪತ್ತೆಂಟು ವರ್ಷದ ಅಪ್ಪ ಇದ್ದರು. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು!

ಅಂಚೆಯಣ್ಣ ಸೈಕಲ್ ಅಲ್ಲೇ ಬಿಟ್ಟು ಹೊಲದ ದಾರಿಯಲ್ಲಿ ಸೇತುವೆಯ ಕಡೆಗೆ ಓಡಿದ. ಸಿಕ್ಕಸಿಕ್ಕ ಬಾವಿಗೆಲ್ಲ ಬಗ್ಗಿ "ಹೆಡ್‌ಮಿಸ್ಸೇ!" ಎಂದು ಕೂಗಿದ. ಬಾವಿಗಳೂ ಅಷ್ಟೇ ಮರ್ಯಾದೆಯಿಂದ "ಮಿಸ್ಸೇ!" ಎಂದವು. ಸೇತುವೆಯ ಬಳಿ ಒಬ್ಬ ಹೆಂಗಸು ಹುಲ್ಲು ಕೊಯ್ಯುತ್ತಿದ್ದಳು.

"ಅಮ್ಮಾ, ಚಡ್ಡಿ ಹಾಕ್ಕೊಂಡು ಓಡೋ ಇಪ್ಪತ್ತೆರಡು ಜನರನ್ನ ನೋಡಿದ್ರಾ?"

"ನೋಡ್ದೆ ಕಣಪ್ಪ. ಆ ಬಿಳಿ ಗೆರೆ ಹಿಡ್ಕೊಂಡು ಊರ ಕಡೆ ಓಡಿದ್ರು. ಏನು, ಕಳ್ಳ ಸಿಕ್ಕಿದ್ನಾ?"

ಬಿಳಿ ಗೆರೆ! ಬೇಲಿಯ ತಂತಿಗೆ ಸಿಕ್ಕಿ ಚೀಲದ ತಳ ಹರಿದಿತ್ತು. ಕಾಲುದಾರಿಯ ತುಂಬ ಹಿಟ್ಟು ದಾರದಂತೆ ಸುರಿದಿತ್ತು. ಅಂಚೆಯಣ್ಣ ಅದರ ಹಿಂದೆಯೇ ಓಡಿದ. ಗೆರೆ ಕ್ಷೌರದಂಗಡಿ ದಾಟಿತು, ತನ್ನ ಬೀದಿಗೇ ತಿರುಗಿತು, ತನ್ನ ಗೇಟಿನೊಳಗೇ ನುಗ್ಗಿತು!

ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಡ್‌ಮಿಸ್ ಮೊಟ್ಟೆ ಒಡೆಯುತ್ತಿದ್ದರು. ಡಾಕ್ಟರ ಅಪ್ಪ ಅಂಚೆಯಣ್ಣನ ಚಪ್ಪಲಿ ಹಾಕಿಕೊಂಡು ಅವನ ಕುರ್ಚಿಯಲ್ಲೇ ಕುಳಿತಿದ್ದರು. ಹೆಂಡತಿ ರಾತ್ರಿಯುಡುಪಿನ ಮೇಲೆ ಶಾಲು ಹೊದ್ದು ಚಹಾ ಸೋಸುತ್ತಿದ್ದಳು.

ಅಂಚೆಯಣ್ಣ ತಲೆ ಎಣಿಸಿದ. ಇನ್ನೊಮ್ಮೆ ಎಣಿಸಿದ. ಇಪ್ಪತ್ತೆರಡು! ಹೋದ ಜೀವ ಬಂದಂತಾಗಿ ಹೊಸ್ತಿಲ ಮೇಲೆ ಕುಸಿದು ಕುಳಿತ. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಜಾಡು ಬಿಟ್ಟಿದ್ದು ನೀವು, ಜಾಡಿಸೋಳು ನಾನು," ಎಂದಳು ಹೆಂಡತಿ, ಮೂಲೆಯ ಪೊರಕೆ ತೋರಿಸಿ.

"ಅದ್ಭುತವಾದ ದಾರಿ!" ಎಂದರು ಹೆಡ್‌ಮಿಸ್. "ನೇರ ಒಲೆಗೇ ತಂದು ನಿಲ್ಲಿಸಿದ್ರಲ್ಲ! ಒಬ್ಬರೂ ತಪ್ಪಿಹೋಗಲಿಲ್ಲ ನೋಡಿ."

"ಮತ್ತೆ ನಾನು? ಎರಡು ಗಂಟೆಯಿಂದ ನಾನಿಲ್ಲ ಅಂತ ಯಾರಿಗೂ ಅನ್ನಿಸ್ಲೇ ಇಲ್ವಾ?"

ಹೆಂಡತಿ ಚಹಾ ಪಾತ್ರೆ ಕೆಳಗಿಟ್ಟಳು.

"ಅನ್ನಿಸ್ತು ರೀ. ಒಂದು ಲೋಟ ಚಹಾ ಮಿಕ್ಕಿತ್ತು. ಯಾರದು ಅಂತ ಎಲ್ಲರೂ ತುಂಬ ಯೋಚನೆ ಮಾಡಿದ್ವಿ. ತಣ್ಣಗಾಗುತ್ತೆ ಅಂತ ಡಾಕ್ಟರ ಅಪ್ಪ ಕುಡಿದ್ಬಿಟ್ರು."