ಮಾವನವರ ಕಬ್ಬಿಣಕ್ಕೆ ನಾನು ಸಲ್ಲಿಸಿದ ಸೇವೆ

ಕಾರ್ಖಾನೆಯೊಂದರಲ್ಲಿ ಮಾಲು ತಪಾಸಣೆ ಮಾಡಿ ನಿವೃತ್ತನಾದವನು ನಾನು. ತುಕ್ಕು ಹಿಡಿದದ್ದು, ಸೊಟ್ಟಗಿದ್ದದ್ದು, ಬೆಸುಗೆ ಉಬ್ಬಿದ್ದು ನನ್ನ ಕಣ್ಣು ತಪ್ಪಿಸಿ ಎಂದೂ ಗೇಟು ದಾಟಲಿಲ್ಲ. ಆದ್ದರಿಂದ ಮಾವನವರ ಶಿಲ್ಪವನ್ನು ಪ್ರದರ್ಶನಕ್ಕೆ ಸಜ್ಜುಗೊಳಿಸಲು ಇಡೀ ಹೈದರಾಬಾದಿನಲ್ಲಿ ನನಗಿಂತ ಯೋಗ್ಯರು ಯಾರಿದ್ದಾರು!

ಕಲಬುರಗಿಯಿಂದ ಬಂದ ಮಾವನವರು ನಾಚಾರಂನ ಶೆಡ್ಡಿನಲ್ಲಿ ಗುಜರಿ ಕಬ್ಬಿಣ ಬೆಸೆದು ಜೀವಮಾನವಿಡೀ ಶಿಲ್ಪ ಮಾಡಿದರು. ಅದು ಮನುಷ್ಯನಲ್ಲ, ಪ್ರಾಣಿಯಲ್ಲ, ದೇವರಂತೂ ಅಲ್ಲವೇ ಅಲ್ಲ. ಇದೇನು ಎಂದು ಕೇಳಿದರೆ "ನಿಂತೈತಲ್ಲ, ಸಾಕು" ಎನ್ನುತ್ತಿದ್ದರು. ಊರೆಲ್ಲ ನಕ್ಕಿತು. ನಾನೂ ನಕ್ಕೆ. ಅವರು ತೀರಿಕೊಂಡ ಮೇಲೆ ಮಿಯಾಪುರದ ನಮ್ಮ ಬಾಲ್ಕನಿಯಲ್ಲಿ ಉಳಿದದ್ದು ಒಂದೇ ಶಿಲ್ಪ. ಈ ದಸರೆಗೆ ಹಿಮಾಯತ್‌ನಗರದ ಗ್ಯಾಲರಿಯೊಂದು ಅದನ್ನು ಕೇಳಿದಾಗ ನನ್ನ ಹೆಂಡತಿ ಸರೋಜ ಅತ್ತೇಬಿಟ್ಟಳು. ಅಪ್ಪನಿಗೆ ಸಿಗುತ್ತಿರುವ ಮೊದಲ ಮರ್ಯಾದೆ. ಶಿಲ್ಪ ಒಯ್ಯುವ ದಿನ ಗ್ಯಾಲರಿಯ ಮೇಡಂ ಅವರನ್ನು ತಾನೇ ಕರೆತರುವೆನೆಂದು ಬೆಳಿಗ್ಗೆಯೇ ಹೊರಟಳು.

ಅಂದು ಆಯುಧಪೂಜೆ. ಕಬ್ಬಿಣ ಹೊಳೆಯದೆ ಪೂಜೆಯುಂಟೆ? ಎಮರಿ ಪೇಪರಿನಿಂದ ತುಕ್ಕು ತಿಕ್ಕಿ ತೆಗೆದೆ. ಗ್ರೈಂಡರ್ ಹಿಡಿದು ಬೆಸುಗೆಯ ಗಂಟುಗಳನ್ನು ನುಣ್ಣಗೆ ಮಾಡಿದೆ. ಒಂದು ಸಲಾಕೆ ಸೊಟ್ಟಗಿತ್ತು. ಬಡಿದು ನೆಟ್ಟಗೆ ಮಾಡಿದೆ. ಶಿಲ್ಪ ತುಸು ವಾಲಿತು. ಕೆಳಗೊಂದು ಇಟ್ಟಿಗೆ ಕೊಟ್ಟೆ. ಮೇಲೆ ಬೆಳ್ಳಿ ಬಣ್ಣ, ಕುಂಕುಮ, ಚೆಂಡುಹೂವಿನ ಹಾರ.

ಸಂಜೆ ಸರೋಜಳೊಂದಿಗೆ ಮೇಡಂ ಬಂದರು. ಶಿಲ್ಪ ಎಲ್ಲಿದೆ ಎಂದು ಹಿಂದಿಯಲ್ಲಿ ಕೇಳಿದರು. ಇದೇ ಎಂದೆ. ಅವರು ಕುಡಿಯಲು ನೀರು ಕೇಳಿದರು.

ಆ ತುಕ್ಕು, ಆ ಗಂಟುಗಳೇ ಮಾವನವರ ಕೈಗುರುತು ಎಂದು ಮೆಲ್ಲಗೆ ವಿವರಿಸಿ, ಕೈಮುಗಿದು, ಬರಿಗೈಯಲ್ಲಿ ಹೋದರು.

"ರೀ, ತುಕ್ಕು ಹಿಡೀಲಿ ಅಂತ ಅಪ್ಪ ಅದನ್ನ ಮಳ್ಯಾಗ ಇಟ್ಟು ಕಾದಿದ್ರು," ಎಂದಳು ಸರೋಜ.

ನಮ್ಮ ಕಾರ್ಖಾನೆಯಲ್ಲಾಗಿದ್ದರೆ ಇದು ಈಗ ಪಾಸಾಗುತ್ತಿತ್ತೆಂದು ಸಮರ್ಥಿಸಿಕೊಂಡೆ.

"ಹೌದ್ರಿ, ಪಾಸಾತು. ಅಪ್ಪಂದು ಹೋತು. ಇನ್ನ ಇದು ನಿಮ್ದು, ನೀವ ಇಟ್ಕೋರಿ."

ಹೀಗೆ ಎಪ್ಪತ್ತರ ಹೊಸ್ತಿಲಲ್ಲಿ ನಾನು ಶಿಲ್ಪಿಯಾದೆ. ಪ್ರದರ್ಶನ ನಮ್ಮನ್ನು ಬಿಟ್ಟೇ ನಡೆದು ಮುಗಿಯಿತು. ಸರೋಜ ಬಾಲ್ಕನಿಯ ಕಡೆ ಹಾಯುವುದಿಲ್ಲ. ಬಟ್ಟೆಯನ್ನು ನಾನೇ ಒಣಗಹಾಕುತ್ತೇನೆ. ಮೊನ್ನೆ ಪಕ್ಕದ ಮನೆಯ ರೆಡ್ಡಿಗಾರು ಅದರ ಹೊಳಪನ್ನು ಬಾಯ್ತುಂಬ ಹೊಗಳಿ, ಇಷ್ಟಕ್ಕೂ ಇದೇನು ಎಂದು ಕೇಳಿದರು. ಮಾವನವರ ಉತ್ತರವನ್ನೇ ಕೊಡೋಣವೆಂದು ಬಾಯಿ ತೆರೆದೆ.

ಮುಚ್ಚಿಕೊಂಡೆ. ಆ ಸೊಟ್ಟ ಸಲಾಕೆಯೇ ಅದರ ತೂಕವನ್ನೆಲ್ಲ ಹೊತ್ತಿತ್ತು. ಈಗ ಇಟ್ಟಿಗೆ ತೆಗೆದರೆ ಅದು ನಿಲ್ಲುವುದಿಲ್ಲ.