ಮರುಳಪ್ಪನ ಎಂಟು ಬಟನ್ನಿನ ರೈಲ್ವೆ

ಕೊಟ್ಟೂರಿನಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಮರುಳಪ್ಪ ಒಂದು ಸೋಮವಾರ ಬೆಳಿಗ್ಗೆ ಹಣೆ ತುಂಬ ವಿಭೂತಿ ಬಳಿದುಕೊಂಡು, ಕೈಯಲ್ಲಿ ಚಹಾದ ಲೋಟ ಹಿಡಿದು ಒಂದು ಘೋರ ಪ್ರತಿಜ್ಞೆ ಮಾಡಿದ. ಇನ್ನು ಮೇಲೆ ತನ್ನ ರೈಲ್ವೆಯ ಒಂದೇ ಒಂದು ಹಳಿಯನ್ನೂ ಕೈಯಿಂದ ಮುಟ್ಟುವುದಿಲ್ಲ! ಕೂತಲ್ಲೇ ಕೂತು, ಬೆರಳ ತುದಿಯಿಂದ ಬಟನ್ ಒತ್ತಿ, ಇಡೀ ಸೀಮೆಯ ರೈಲುಗಳನ್ನು ಬೇಕಾದ ಕಡೆ ತಿರುಗಿಸುತ್ತೇನೆ!

ಇಡೀ ಸೀಮೆ ಅಂದರೆ ಎರಡು ಪ್ಲೈವುಡ್ ಹಲಗೆ. ಮಡಿಚಿದರೆ ಸೂಟ್‌ಕೇಸು, ಬಿಚ್ಚಿ ಮಂಚದ ಮೇಲೆ ಹಾಸಿದರೆ ರೈಲ್ವೆ. ಸುತ್ತ ಒಂದು ದೊಡ್ಡ ಹಳಿ, ನಾಲ್ಕು ಮೂಲೆಗೆ ನಾಲ್ಕು ಕವಲು ಹಳಿ. ಕವಲಿಗೆ ಹೋದ ರೈಲು ಒಂದು ಸುತ್ತು ಹಾಕಿ ಮತ್ತೆ ದೊಡ್ಡ ಹಳಿಗೇ ಬಂದು ಸೇರಬೇಕು. ಮೂಲೆಗೊಂದು ಊರು: ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹಡಗಲಿ. ನಿಜವಾದ ರೈಲನ್ನು ಇವತ್ತಿಗೂ ಕಾಣದ ಕೂಡ್ಲಿಗಿಗೂ ಹಡಗಲಿಗೂ ನಮ್ಮ ಮರುಳಪ್ಪ ಒಂದೇ ಭಾನುವಾರದಲ್ಲಿ ಫೆವಿಕಾಲ್ ಹಚ್ಚಿ ರೈಲು ತಂದಿದ್ದ. ಹೆಂಡತಿ ಉಚ್ಚಂಗೆಮ್ಮನ ತವರಾದ ಮಾಗಳಕ್ಕೆ ಮಾತ್ರ ತಂದಿರಲಿಲ್ಲ. ಜಾಗ ಸಾಲಲಿಲ್ಲ ಎಂದು ಸಮಜಾಯಿಷಿ ಕೊಟ್ಟಿದ್ದ. ಆಕೆ ಮೂತಿ ತಿರುವಿ ಒಳಗೆ ಹೋಗಿದ್ದಳು.

ಓಡುವ ರೈಲುಗಳು ಎರಡು, ಎರಡೂ ಸೆಲ್ಲಿನವು. ಒಮ್ಮೆ ಚಾಲೂ ಮಾಡಿದರೆ ನಿಲ್ಲುವ ಮಾತಿಲ್ಲ. ಮುಂದೆ ಕುಂಟುವ ಗೂಡ್ಸು, ಹಿಂದೆ ಅವಸರದ ಪ್ಯಾಸೆಂಜರು. ಗೂಡ್ಸನ್ನು ಯಾವುದಾದರೂ ಕವಲಿಗೆ ತಿರುಗಿಸಿ ಪ್ಯಾಸೆಂಜರಿಗೆ ದಾರಿ ಬಿಡದಿದ್ದರೆ ಢಿಕ್ಕಿಯೇ ಗತಿ. ಹೀಗೆ ಹಳಿ ಕವಲೊಡೆಯುವ ಜಾಗಕ್ಕೆ ರೈಲ್ವೆಯವರು ಪಾಯಿಂಟು ಅನ್ನುತ್ತಾರೆ. ಅಲ್ಲಿಯವರೆಗೆ ಆ ಪಾಯಿಂಟುಗಳನ್ನು ಮರುಳಪ್ಪ ಹೆಂಡತಿಯ ಹೇರ್‌ಪಿನ್ನಿನಿಂದ ತಳ್ಳುತ್ತಿದ್ದ. ಇಷ್ಟು ದೊಡ್ಡ ರೈಲ್ವೆಯ ಯಜಮಾನ ಹೇರ್‌ಪಿನ್ ಹಿಡಿದು ಓಡಾಡುವುದು ಯಾವ ಮರ್ಯಾದೆ?

ತೊಡಕು ಏನೆಂದರೆ, ಆ ಹಲಗೆಗಳನ್ನು ಮೂಲತಃ ತಂದದ್ದು ಅಡುಗೆಮನೆಯಲ್ಲಿ ರೊಟ್ಟಿ ಬುಟ್ಟಿ ಇಡುವ ಶೆಲ್ಫಿಗೆ. ಎಂಟು ತಿಂಗಳಿಂದ ಪಡಸಾಲೆಯ ಮಂಚದ ಮೇಲೆ ರೈಲ್ವೆ ಮಲಗಿತ್ತು, ಬಂದ ನೆಂಟರು ಚಾಪೆಯ ಮೇಲೆ ಮಲಗುತ್ತಿದ್ದರು. ಹಗರಿಬೊಮ್ಮನಹಳ್ಳಿಯ ಕಲ್ಯಾಣ ಮಂಟಪದಲ್ಲಿ ಹವ್ಯಾಸಿಗಳ ಪ್ರದರ್ಶನ ಇದೆಯೆಂದು ತಿಳಿದ ದಿನ ಉಚ್ಚಂಗೆಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ನೋಡ್ರಿ, ಅಲ್ಲಿ ಬಹುಮಾನ ಬಂತಂದ್ರ ನಿಮ್ಮ ರೈಲು ಮನ್ಯಾಗ ಇರ್ಲಿ. ಬರ್ಲಿಲ್ಲಂದ್ರ ಮರುದಿನ ಬಡಿಗ್ಯಾರನ ಕರಸ್ತೀನಿ. ನನ್ನ ಹಲಗಿ ನನಗ ಬೇಕು."

ಮರುಳಪ್ಪ ಮೀಸೆ ತಿರುವಿ ಒಪ್ಪಿಕೊಂಡ. ಬಡಿಗ್ಯಾರನಿಗೆ ಬೇರೆ ಕೆಲಸ ಹುಡುಕಿಕೊಳ್ಳಲು ಹೇಳು ಎಂದೂ ಸೇರಿಸಿದ.

ಅಂದಿನಿಂದ ಅಂಗಡಿಯಲ್ಲಿ ಮೋಟಾರುಗಳು ಸಾಲುಗಟ್ಟಿ ಕೂತವು, ರೈತರು ಫೋನು ಮಾಡಿ ಮಾಡಿ ಸೋತರು. ಮರುಳಪ್ಪ ಮಾತ್ರ ಉಳಿದ ತಾಮ್ರದ ತಂತಿಯಿಂದ ಬೆರಳು ಗಾತ್ರದ ಎಂಟು ಸುರುಳಿ ಸುತ್ತಿದ. ಪ್ರತಿ ಪಾಯಿಂಟಿಗೆ ಎರಡು: ಒಂದು ಹಳಿಯನ್ನು ಕವಲಿಗೆ ಎಳೆಯುತ್ತದೆ, ಇನ್ನೊಂದು ವಾಪಸು ನೇರಕ್ಕೆ ಎಳೆಯುತ್ತದೆ. ಒಂದು ಚೌಕ ಪೆಟ್ಟಿಗೆಯ ನಾಲ್ಕು ಮೂಲೆಗೆ ಕಾಲಿಂಗ್ ಬೆಲ್ಲಿನ ಬಟನ್‌ಗಳನ್ನು ಜೋಡಿ ಜೋಡಿಯಾಗಿ ಕೂರಿಸಿದ. ಕೆಂಪು ಒತ್ತಿದರೆ ಕವಲು, ಹಸಿರು ಒತ್ತಿದರೆ ನೇರ. ಹಲಗೆಯ ಮೇಲೆ ಊರು ಯಾವ ಮೂಲೆಯಲ್ಲೋ ಬಟನ್ನೂ ಪೆಟ್ಟಿಗೆಯ ಅದೇ ಮೂಲೆಯಲ್ಲಿ. ಟಕ್ ಎಂದು ಒತ್ತಿ ಬಿಟ್ಟರೆ ಟಕ್ ಎಂದು ಹಳಿ ತಿರುಗುತ್ತಿತ್ತು. ಅದನ್ನು ಕಂಡ ದಿನ ಮರುಳಪ್ಪನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಯೊಂದು ಹಾರಿ ಹಡಗಲಿಯಲ್ಲಿ ಬಿತ್ತು.

ಗೆಳೆಯ ಇಸಾಕಸಾಬ ಹಲಗೆಗೆ ಹಿಂಜ್ ಹಾಕಿಕೊಟ್ಟ ಮೆಕ್ಯಾನಿಕ್. ಬಟನ್‌ಗಳ ಪಕ್ಕ ಊರಿನ ಹೆಸರು ಬರೆದುಬಿಡು ಎಂದು ಆತ ಬುದ್ಧಿ ಹೇಳಿದ. ಮರುಳಪ್ಪ ನಕ್ಕುಬಿಟ್ಟ.

"ಲೇ ಇಸಾಕ, ಬರೆಯೋದು ಮರೆಯೋರು. ಕಣ್ಣಿಗೆ ಊರು ಎಲ್ಲಿ ಕಾಣ್ತೈತೋ ಬೆರಳು ಅಲ್ಲಿಗೇ ಹೋಗ್ತೈತಿ."

ಒಂದು ತಿಂಗಳು ಅಭ್ಯಾಸ ನಡೆಯಿತು. ಮಂಚದ ಒಂದು ಬದಿಗೆ ಗೋಡೆಗೆ ಬೆನ್ನು ಕೊಟ್ಟು ಮರುಳಪ್ಪ ನಿಲ್ಲುತ್ತಿದ್ದ. ಎದುರು ಬದಿಗೆ ಅಡುಗೆಮನೆಯ ಬಾಗಿಲು. ಅಲ್ಲಿ ಉಚ್ಚಂಗೆಮ್ಮ ಜೋಳ ಹಸನು ಮಾಡುತ್ತ ಕೂರುತ್ತಿದ್ದಳು. ಅವಳ ಕಣ್ಣೆದುರಿಗೇ ದಿನಕ್ಕೆ ನೂರು ಸಲ ಗೂಡ್ಸು ತಿರುಗಿತು, ಪ್ಯಾಸೆಂಜರು ಹಾಯಿತು. ಇವನ ತಲೆ, ಪೆಟ್ಟಿಗೆ, ಬಟನ್ನು, ಊರು ಎಲ್ಲವನ್ನೂ ಆಕೆ ಎದುರಿನಿಂದ ನೋಡಿದಳು. ಅವಳು ನೀರು ತರಲು ಹೊರಗೆ ಹೋದ ಒಂದು ಹೊತ್ತಿನಲ್ಲಿ ಮರುಳಪ್ಪ ಇನ್ನೊಂದು ಘನಕಾರ್ಯ ಮಾಡಿದ. ನಮ್ಮ ಕಡೆ ಗೂಡ್ಸ್ ಅಂದರೆ ಕೆಂಪು ಅದಿರು ಇರಲೇಬೇಕಲ್ಲ? ಅಡುಗೆಮನೆಯ ಖಾರಪುಡಿಯನ್ನು ಅರ್ಧ ಡಬ್ಬಿ ಎತ್ತಿ ಆರು ವ್ಯಾಗನ್ನಿಗೂ ತುಂಬಿದ. ಅದಿರೆಂದರೆ ಅದಿರೇ ಅನ್ನಬೇಕು, ಹಾಗಿತ್ತು.

ಪ್ರದರ್ಶನದ ದಿನ ಇಸಾಕಸಾಬನ ಗೂಡ್ಸ್ ಆಟೋದಲ್ಲಿ ರೈಲ್ವೆ ಹೊರಟಿತು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಉಚ್ಚಂಗೆಮ್ಮನೂ ಹತ್ತಿದಳು. ತನ್ನ ಹಲಗೆಯ ಹಣೆಬರಹ ಏನಾಗುತ್ತದೆಂದು ಆಕೆ ಕಣ್ಣಾರೆ ನೋಡಬೇಕಿತ್ತು.

ಮಂಟಪದಲ್ಲಿ ಟೇಬಲ್ಲು ಸಿಕ್ಕಿತು, ಹಲಗೆ ಬಿಚ್ಚಿದ್ದಾಯಿತು, ಊದಿನಕಡ್ಡಿ ಹಚ್ಚಿದ್ದಾಯಿತು. ಆಗ ಮರುಳಪ್ಪನಿಗೆ ಹೊಳೆಯಿತು, ತಾನು ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದೇನೆ! ಮನೆಯಲ್ಲಾದರೆ ಎದುರು ಬದಿಗೆ ಅಡುಗೆಮನೆಯ ಬಾಗಿಲು, ಬೇರೆ ಗತಿ ಇರಲಿಲ್ಲ. ಇಂಥ ಶುಭಕಾರ್ಯದ ದಿನ ಪೂರ್ವ ಬಿಟ್ಟು ಪಶ್ಚಿಮಕ್ಕೆ ನಿಲ್ಲುವುದೆ? ಬಟನ್ನಿನ ಪೆಟ್ಟಿಗೆಗೆ ಉದ್ದನೆಯ ವೈರು ಇತ್ತು. ಅದನ್ನು ಎತ್ತಿಕೊಂಡು ಟೇಬಲ್ಲನ್ನು ಸುತ್ತುವರಿದು ಎದುರು ಬದಿಗೆ ಹೋಗಿ, ಪೂರ್ವಕ್ಕೆ ಮುಖ ಮಾಡಿ, ಎಂದಿನಂತೆ ಪೆಟ್ಟಿಗೆಯನ್ನು ಎದೆಯ ಮುಂದೆ ಹಿಡಿದು ನಿಂತ. ಕಲಿತ ಜಾಗದಲ್ಲೇ ನಿಲ್ಲು ಎಂದು ಇಸಾಕಸಾಬ ಎರಡು ಸಲ ಹೇಳಿದ. ಮರುಳಪ್ಪ ಕಣ್ಣು ಮುಚ್ಚಿ ಕೊಟ್ಟೂರೇಶನನ್ನು ನೆನೆಯುತ್ತಿದ್ದ, ಕೇಳಿಸಲಿಲ್ಲ.

ತೀರ್ಪುಗಾರರು ಗಾದೆಪ್ಪನವರು. ಮೂವತ್ತೈದು ವರ್ಷ ಸ್ಟೇಷನ್ ಮಾಸ್ತರಾಗಿ ದುಡಿದು ನಿವೃತ್ತರಾದವರು, ಮೈಮೇಲೆ ಹಾಲಿನಂಥ ಬಿಳಿ ಅಂಗಿ. ಬಂದವರೇ ಹಲಗೆಯ ಮೇಲೆ ಬಗ್ಗಿ, ಕನ್ನಡಕ ಏರಿಸಿಕೊಂಡು, ಗೂಡ್ಸನ್ನು ಹಡಗಲಿ ಕವಲಿಗೆ ಹಾಕಿ ಪ್ಯಾಸೆಂಜರನ್ನು ಮುಂದೆ ಬಿಡಿ ನೋಡೋಣ ಎಂದರು.

ಮರುಳಪ್ಪ ಎದುರಿಗೆ ಹಡಗಲಿ ಎಲ್ಲಿ ಕಂಡಿತೋ ಪೆಟ್ಟಿಗೆಯ ಆ ಮೂಲೆಯ ಕೆಂಪನ್ನು ರಾಜಗಾಂಭೀರ್ಯದಿಂದ ಒತ್ತಿದ. ಟಕ್! ಸದ್ದು ಬಂದದ್ದು ಹಡಗಲಿಯಿಂದಲ್ಲ, ಅದರ ಎದುರು ಮೂಲೆಯ ಹಗರಿಬೊಮ್ಮನಹಳ್ಳಿಯಿಂದ. ಗೂಡ್ಸು ಹಡಗಲಿಯನ್ನು ಕಣ್ಣೆತ್ತಿಯೂ ನೋಡದೆ ನೇರವಾಗಿ ಹೋಯಿತು. ಮರುಳಪ್ಪ ಪೆಟ್ಟಿಗೆಯನ್ನೊಮ್ಮೆ ತಟ್ಟಿದ. ಹೋಗಲಿ, ಪ್ಯಾಸೆಂಜರನ್ನೇ ಕೊಟ್ಟೂರಿಗೆ ತಿರುಗಿಸಿಬಿಡೋಣ ಎಂದು ಕೊಟ್ಟೂರು ಕಂಡ ಮೂಲೆಯ ಕೆಂಪು ಒತ್ತಿದ. ಕೂಡ್ಲಿಗಿ ಟಕ್ ಎಂದಿತು.

ಗಾದೆಪ್ಪನವರು ತಲೆ ಎತ್ತದೆಯೇ ಹೇಳಿದರು, "ಕೊಟ್ಟೂರು ಪ್ಯಾಸೆಂಜರು ಕೂಡ್ಲಿಗಿಗೆ ಹೊಂಟೈತಲ್ಲಪ. ಇರ್ಲಿ ಬಿಡು, ಕೂಡ್ಲಿಗಿ ಮಂದಿ ಬಾಳ ವರ್ಷದಿಂದ ಕಾಯಾಕ ಹತ್ಯಾರ."

ಸುತ್ತ ನಿಂತವರು ಗೊಳ್ಳೆಂದರು. ಮರುಳಪ್ಪ ಬೆವೆತುಹೋದ. ಆರು ಹಾರ್ಸ್‌ಪವರ್ ಮೋಟಾರನ್ನು ಬಿಚ್ಚಿ ಜೋಡಿಸುವ ಬೆರಳುಗಳಿಗೆ ಯಾವ ಬಟನ್ ಯಾವುದೆಂದೇ ತಿಳಿಯದಾಯಿತು. ಸಿಕ್ಕ ಸಿಕ್ಕ ಬಟನ್ ಒತ್ತಿದ, ಒತ್ತಿದ್ದನ್ನು ಬಿಡದೆ ಹಿಡಿದ. ಸುರುಳಿ ಕಾದು ಇನ್ನೇನು ಸುಡುವಂಥ ವಾಸನೆ ಬಂತು. ಅಷ್ಟರಲ್ಲಿ ಕೂಡ್ಲಿಗಿ ಸುತ್ತಿ ಬಂದ ಪ್ಯಾಸೆಂಜರು ಗೂಡ್ಸಿನ ಬೆನ್ನಿಗೆ ಧಡ್ ಎಂದು ಗುದ್ದಿತು. ಆರೂ ವ್ಯಾಗನ್ನುಗಳು ಮಗುಚಿಕೊಂಡವು. ಅಂಥ ಘಳಿಗೆಯಲ್ಲಿ ಮೇಲಿನ ಫ್ಯಾನು ತನ್ನ ಕರ್ತವ್ಯವನ್ನು ಮರೆಯಲಿಲ್ಲ. ಅದಿರೆಲ್ಲ ಕೆಂಪು ಮೋಡವಾಗಿ ಎದ್ದು ಗಾದೆಪ್ಪನವರ ಹಾಲಿನಂಥ ಅಂಗಿಯ ಮೇಲೆ ಇಳಿಯಿತು.

ಮೊದಲು ಗಾದೆಪ್ಪನವರು ಸೀನಿದರು. ಆಮೇಲೆ ಇಸಾಕಸಾಬ. ಆಮೇಲೆ ಇಡೀ ಮಂಟಪ. ಪಕ್ಕದ ಟೇಬಲ್ಲಿನಲ್ಲಿ ಬೆಂಕಿಕಡ್ಡಿಯಿಂದ ಕಟ್ಟಿದ್ದ ಕಲ್ಲಿನ ರಥದ ಮಾದರಿಯೊಂದು ಯಾರದೋ ಸೀನಿಗೆ ಪಡ್ಚವಾಯಿತು. ಮರುಳಪ್ಪನ ಕಣ್ಣ ಮುಂದೆ ಬಡಿಗ್ಯಾರನೂ ಅವನ ಗರಗಸವೂ ಸ್ಪಷ್ಟವಾಗಿ ಬಂದು ನಿಂತವು.

ಆಗ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಉಚ್ಚಂಗೆಮ್ಮ ಬಂದಳು.

"ಖಾರದ ಪುಡಿ ಅರ್ಧ ಡಬ್ಬಿ ಎಲ್ಲಿ ಹೋತಂತ ಈಗ ತಿಳೀತು. ಸರೀರಿ ಅತ್ಲಾಗ."

ಮಗುಚಿದ ವ್ಯಾಗನ್ನುಗಳನ್ನು ಆಕೆ ಸೆರಗಿನ ತುದಿಯಿಂದ ಒರೆಸಿ ಹಳಿಯ ಮೇಲೆ ನಿಲ್ಲಿಸಿದಳು. ಗಂಡನ ಕೈಯಿಂದ ಪೆಟ್ಟಿಗೆ ಇಸಿದುಕೊಂಡು ಒಂದು ಕ್ಷಣ ನೋಡಿದಳು. ಇಷ್ಟು ತಿಂಗಳೂ ಅಡುಗೆಮನೆಯ ಬಾಗಿಲಿನಿಂದ ಆಕೆ ರೈಲ್ವೆಯನ್ನು ಕಂಡದ್ದು ಇದೇ ಬದಿಯಿಂದ. ಹಲಗೆ ಸರಿಯಾಗಿಯೇ ಇತ್ತು, ಪೆಟ್ಟಿಗೆ ಮಾತ್ರ ತಿರುವುಮುರುವು. ಹಂಚಿನ ಮೇಲೆ ರೊಟ್ಟಿ ತಿರುಗಿಸಿದಷ್ಟು ಸಲೀಸಾಗಿ ಪೆಟ್ಟಿಗೆಯ ಹಿಂಭಾಗ ಮುಂದಕ್ಕೆ ಬರುವಂತೆ ತಿರುಗಿಸಿ ಇಟ್ಟಳು. ಅಷ್ಟೇ! ಬಟನ್ನೂ ಊರೂ ಮತ್ತೆ ಒಂದಾದವು.

ರೈಲು ಚಾಲೂ ಮಾಡಿದಳು. ಹಡಗಲಿಯ ಕೆಂಪು, ಟಕ್. ಗೂಡ್ಸು ಹೇಳಿದ ಮಾತು ಕೇಳುವ ಎಮ್ಮೆಯಂತೆ ಕವಲಿಗೆ ತಿರುಗಿತು. ಹಡಗಲಿಯ ಹಸಿರು, ಟಕ್. ಪ್ಯಾಸೆಂಜರು ನೇರವಾಗಿ ಮುಂದೆ ಹಾಯಿತು. ಗಾದೆಪ್ಪನವರು ಸೀನುತ್ತಲೇ ಒಂದೊಂದು ಊರಿನ ಹೆಸರು ಹೇಳಿದರು, ಆಕೆ ಒಂದೊಂದಕ್ಕೂ ಕಳಿಸಿದಳು. ಗೂಡ್ಸು ಕೊಟ್ಟೂರು ಸುತ್ತುವಾಗ ಪ್ಯಾಸೆಂಜರು ಕೂಡ್ಲಿಗಿಯಲ್ಲಿ, ಪ್ಯಾಸೆಂಜರು ಹಗರಿಬೊಮ್ಮನಹಳ್ಳಿಯಲ್ಲಿದ್ದಾಗ ಗೂಡ್ಸು ಬಯಲಿನಲ್ಲಿ. ಹತ್ತು ನಿಮಿಷ ಒಂದಕ್ಕೊಂದು ಮೈ ತಾಗಲಿಲ್ಲ. ಮಂಟಪ ಚಪ್ಪಾಳೆಯಿಂದ ತುಂಬಿತು. ಮೂಗು ಸೋರುತ್ತಿದ್ದರೂ ಎಲ್ಲಕ್ಕಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಮರುಳಪ್ಪನೇ. ಅವನಿಗೆ ಹೆಂಡತಿಯ ಮೇಲೆ ಆ ಹೊತ್ತು ಉಕ್ಕಿದ ಪ್ರೀತಿ ಮದುವೆಯಾದ ಹೊಸದರಲ್ಲೂ ಉಕ್ಕಿರಲಿಲ್ಲ.

"ರೈಲ್ವೆ ಕೆಲಸ ಎಲ್ಲಿ ಕಲ್ತಿಯವ್ವ?" ಎಂದು ಗಾದೆಪ್ಪನವರು ಕಣ್ಣೊರೆಸಿಕೊಂಡು ಕೇಳಿದರು.

"ರೈಲು ನನಗ ಗೊತ್ತಿಲ್ರಿ. ಮಾಗಳದಾಗ ನಮ್ಮಪ್ಪನ ಹೊಲಕ್ಕ ನೀರು ತಿರುವ್ತಿದ್ನಿ. ನೀರು ಬರೋಕಿಂತ ಮೊದ್ಲು ಮುಂದಿನ ಮಡಿ ಬಾಯಿ ಬಿಚ್ಚಿರಬೇಕು, ತುಂಬಿದ ಕೂಡ್ಲೇ ಮುಚ್ಚಬೇಕು. ನೀರು ಬಂದ್ಮ್ಯಾಲೆ ಸಲಿಕಿ ಹುಡುಕಿದ್ರ ಒಡ್ಡು ಒಡದು ಹೋಗ್ತೈತಿ."

ಗಾದೆಪ್ಪನವರು ತಮ್ಮ ಇಲಾಖೆಯಲ್ಲಿ ಇಷ್ಟು ಸರಳವಾಗಿ ಈ ಪಾಠವನ್ನು ಯಾರೂ ಹೇಳಿರಲಿಲ್ಲ ಎಂದು ಮೈಕಿನಲ್ಲೇ ಸಾರಿದರು. ಮೊದಲ ಬಹುಮಾನ ಬಂತು. ಪ್ರಶಸ್ತಿ ಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಉಚ್ಚಂಗೆಮ್ಮ, ಕೊಟ್ಟೂರು ಎಂದು ಬರೆದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಸಹಾಯಕ: ಮರುಳಪ್ಪ.

ಮಾತು ಮಾತೇ. ರೈಲ್ವೆ ಮನೆಯಲ್ಲೇ ಉಳಿಯಿತು, ಬಡಿಗ್ಯಾರ ಬರಲಿಲ್ಲ. ಆದರೆ ಬಹುಮಾನ ಗೆದ್ದವರ ಮಾತನ್ನು ರೈಲ್ವೆಯಲ್ಲಿ ಕೇಳದೆ ಇರಲಾದೀತೆ? ಅಪ್ಪಣೆಯ ಪ್ರಕಾರ ಮರುಳಪ್ಪ ಹದಿನೈದು ದಿನ ಕೂತು ಇನ್ನೂ ಎರಡು ಸುರುಳಿ ಸುತ್ತಿದ. ಸಾಲದೆಂದಿದ್ದ ಜಾಗ ಹೇಗೋ ಸಾಲಿತು. ಕೊಟ್ಟೂರಿಗೆ ಒಂದು ಗೇಣು ಮೊದಲೇ ಐದನೆಯ ಕವಲೊಂದು ಹುಟ್ಟಿ, ಕೊಟ್ಟೂರನ್ನು ಬಳಸಿಕೊಂಡು ಹೋಯಿತು. ಎಂಟು ಬಟನ್ನು ಹತ್ತಾದವು. ಹೊಸ ಬೋರ್ಡಿನ ಮೇಲೆ ಉಚ್ಚಂಗೆಮ್ಮ ತನ್ನ ಕೈಯಾರೆ 'ಮಾಗಳ ಜಂಕ್ಷನ್' ಎಂದು ಬರೆದಳು. ರೊಟ್ಟಿ ಬುಟ್ಟಿಗೂ ಅಲ್ಲೇ ಪಕ್ಕದಲ್ಲಿ ಜಾಗವಾಯಿತು.

ಈಗ ದಿನಾ ಸಂಜೆ ಆಕೆ ಅಡುಗೆಮನೆಯ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ಕೂರುತ್ತಾಳೆ. ಗೂಡ್ಸು ಮಾಗಳಕ್ಕೆ ಹೋಗುತ್ತದೆ, ಪ್ಯಾಸೆಂಜರೂ ಮಾಗಳಕ್ಕೆ ಹೋಗುತ್ತದೆ. ಕೊಟ್ಟೂರಿನ ಹಳಿಗೆ ಧೂಳು ಕೂತಿದೆ. ಮೊನ್ನೆ ಮರುಳಪ್ಪ ತಡೆಯಲಾರದೆ, ನಮ್ಮ ಊರಿಗೂ ಒಂದು ರೈಲು ಬಿಡು ಮಾರಾಯ್ತಿ ಎಂದು ಗೋಗರೆದ.

"ಕೊಟ್ಟೂರಾಗ ನಿಂತು ಕೈ ಮಾಡ್ರಿ, ನೋಡೋಣ," ಎಂದಳು ಉಚ್ಚಂಗೆಮ್ಮ.

ಮರುಳಪ್ಪ ಮಂಚದ ಮೂಲೆಯಲ್ಲಿ ಮಂಡಿಯೂರಿ, ಕೊಟ್ಟೂರಿನ ಬೋರ್ಡಿನ ಪಕ್ಕ ಬೆರಳು ಚಾಚಿ ಕೈ ಮಾಡಿದ. ಪ್ಯಾಸೆಂಜರು ಬಂತು, ಹತ್ತಿರ ಬಂತು. ಟಕ್ ಎಂದಿತು. ರೈಲು ಮಾಗಳಕ್ಕೆ ಹೋಯಿತು.